ಮೇಲ್ಮನೆಯ ರಣಧೀರ

ನಮ್ಮ ಬಡಾವಣೆಯಲ್ಲಿ ರಾತ್ರಿ ಹನ್ನೊಂದರ ಮೇಲೆ ಸಾಯುವವರ ಸಂಖ್ಯೆ ಈಚೆಗೆ ಹೆಚ್ಚಾಗಿದೆ. ಗಾಬರಿ ಬೇಡ. ಬೆಳಿಗ್ಗೆ ಎಂಟೂವರೆಗೆಲ್ಲ ಅವರು ಎದ್ದು, ಸ್ನಾನ ಮುಗಿಸಿ, ಕೊರಳಿಗೆ ಕಂಪನಿಯ ಐಡಿ ಕಾರ್ಡು ನೇತುಹಾಕಿಕೊಂಡು ಕ್ಯಾಬ್ ಹತ್ತುತ್ತಾರೆ. ಕಣ್ಣು ಕೆಂಪಗಿರುತ್ತದೆ, ಅಷ್ಟೆ. ಯಾಕಪ್ಪಾ ಎಂದರೆ ‘ರಾತ್ರಿ ಕಾಲ್ ಇತ್ತು’ ಎನ್ನುತ್ತಾರೆ. ಕರೆ ಬಂದದ್ದು ನಿಜ, ಅಮೆರಿಕದಿಂದಲ್ಲ, ಯಮಲೋಕದಿಂದ.

ಇಂಥವನೊಬ್ಬ ನಮ್ಮ ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದಾನೆ. ವಯಸ್ಸು ಮೂವತ್ತರ ಆಸುಪಾಸು, ಸಾಫ್ಟ್‌ವೇರ್ ಕೆಲಸ, ಮದುವೆಯಾಗಿದೆ. ನಿಜವಾದ ಹೆಸರು ಬಾಡಿಗೆ ಕರಾರಿನಲ್ಲಿದೆ, ಇಲ್ಲಿ ಬೇಡ. ಆಟದೊಳಗೆ ಅವನು ‘ರಣಧೀರ ಕಂಠೀರವ’ ಎಂದು ನಾಮಕರಣ ಮಾಡಿಕೊಳ್ಳಲು ಹೊರಟಿದ್ದ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕಾಗಿ ಬಂದು, ಕೊಟ್ಟ ಜಾಗ ಸಾಲದೆ, ಅದು ‘ರಣಧೀರ ಕಂಠ’ಕ್ಕೆ ನಿಂತಿತು. ಎದುರಾಳಿ ದಿನವೂ ಕತ್ತರಿಸುವುದು ಅದನ್ನೇ ಆದ್ದರಿಂದ ಹಾಗೇ ಬಿಟ್ಟ.

ಆಟದ ಹೆಸರು ಎಲ್ಡನ್ ರಿಂಗ್. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿ ತಯಾರಿಸಿದ್ದು, 2022ರ ಫೆಬ್ರವರಿ 25ರಂದು ಬಿಡುಗಡೆಯಾದದ್ದು. ನಿರ್ದೇಶಕ ಹಿಡೆಟಾಕಾ ಮಿಯಾಝಾಕಿ. ಹಿನ್ನೆಲೆಯ ಪುರಾಣ ಹೆಣೆದುಕೊಟ್ಟವರು ‘ಗೇಮ್ ಆಫ್ ಥ್ರೋನ್ಸ್’ ಖ್ಯಾತಿಯ ಜಾರ್ಜ್ ಆರ್. ಆರ್. ಮಾರ್ಟಿನ್. ಬ್ಯಾಂಕಿನಿಂದ ನಿವೃತ್ತನಾದ ನನಗೆ ಇದೆಲ್ಲ ಯಾಕೆ ಗೊತ್ತು ಎಂದರೆ, ಒಂದು ರಾತ್ರಿ ಮೇಲಿನಿಂದ ‘ಸತ್ತೆ!’ ಎಂಬ ಕೂಗು ಕೇಳಿ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದೆ. ಪರದೆಯ ಮೇಲೆ ಕೆಂಪಕ್ಷರದಲ್ಲಿ ಮರಣದ ಪ್ರಕಟಣೆ ಇತ್ತು. ಕುರ್ಚಿಯಲ್ಲಿ ಮೃತರು ಚಿಪ್ಸ್ ತಿನ್ನುತ್ತಿದ್ದರು. ‘ಬನ್ನಿ ಅಂಕಲ್, ಕೂತ್ಕೊಳ್ಳಿ’ ಎಂದರು. ಕೂತೆ. ಅಂದಿನಿಂದ ನಾನೂ ವಿದ್ಯಾರ್ಥಿ.

ಅವನ ವೈರಿಯ ಹೆಸರು ಮಲೇನಿಯಾ. ಕೆಂಗೂದಲು, ರೆಕ್ಕೆಯ ಶಿರಸ್ತ್ರಾಣ, ಕೃತಕ ಬಲಗೈ, ಆ ಕೈಯಲ್ಲಿ ಮಾರುದ್ದದ ಕತ್ತಿ. ತಾನು ಸೋಲನ್ನೇ ಕಂಡವಳಲ್ಲ ಎಂದು ಬಂದವರಿಗೆಲ್ಲ ಆಕೆಯೇ ಮೊದಲು ತಿಳಿಸಿಬಿಡುತ್ತಾಳೆ.

‘ಇವಳನ್ನ ಸೋಲಿಸಿದ್ರೇನೇ ಆಟ ಮುಗಿಯೋದಾ?’ ಎಂದೆ.

‘ಇಲ್ಲ ಅಂಕಲ್. ಇವಳ ಮುಖಾನೂ ನೋಡದೆ ಆಟ ಮುಗಿಸಬಹುದು.’

‘ಮತ್ತೆ?’

‘ಮತ್ತೆ ಅಂದ್ರೆ?’ ಎಂದ. ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

ಹೋಗಲೇಬೇಕೆಂದಿಲ್ಲದ ಆ ಜಾಗಕ್ಕೆ ಹೋಗುವುದೂ ಸುಲಭವಲ್ಲ. ಎರಡು ತುಂಡಾದ ಗುಟ್ಟಿನ ಪದಕವೊಂದಿದೆ. ಒಂದು ತುಂಡು, ಹಾಳುಬಿದ್ದ ಹಳ್ಳಿಯಲ್ಲಿ ಮಡಕೆಯ ವೇಷ ಹಾಕಿ ಅಡಗಿಕೊಂಡ ಮುದುಕನ ಬಳಿ. ಇನ್ನೊಂದು ಹಿಮದ ಕೋಟೆಯಲ್ಲಿ, ಕಾವಲಿಗೆ ಒಬ್ಬ ಸೇನಾಪತಿ. ಎರಡನ್ನೂ ಜೋಡಿಸಿ ರೋಲ್ಡ್ ಎಂಬಲ್ಲಿನ ಮಹಾ ಲಿಫ್ಟಿಗೆ ತೋರಿಸಿದರೆ ಹಿಮದ ಬಯಲಿಗೆ ಬಿಡುತ್ತದೆ. ಅಲ್ಲೊಂದು ನಿರ್ಜನ ಪಟ್ಟಣದಲ್ಲಿ ನಾಲ್ಕು ಕಡೆ ದೀಪ ಹಚ್ಚಬೇಕು. ಆಮೇಲೆ ಹೇಲಿಗ್‌ಟ್ರೀ ಎಂಬ ಮಹಾವೃಕ್ಷದ ಕೊಂಬೆಗಳ ಮೇಲೆ ಜಾರದೆ ನಡೆದು, ಬುಡದ ತನಕ ಇಳಿದು, ಕೊನೆಗೆ ಆಕೆಯಿಂದ ಒದೆ ತಿನ್ನಬೇಕು.

ಇದನ್ನೆಲ್ಲ ಮಾಡಿದ ಮನುಷ್ಯ ಆಧಾರ್‌ನಲ್ಲಿ ವಿಳಾಸ ಬದಲಿಸುವುದನ್ನು ಮದುವೆಯಾದಾಗಿನಿಂದ ನಾಳೆಗೆ ಮುಂದೂಡುತ್ತಿದ್ದಾನೆ. ಅದಕ್ಕೆ ಬೇಕಾದ ಬಾಡಿಗೆ ಕರಾರಿನ ಪ್ರತಿ ಕೆಳಗಿನ ಮನೆಯ ಬೀರುವಿನಲ್ಲಿದೆ. ಅದನ್ನು ಇಟ್ಟುಕೊಂಡಿರುವ ಮುದುಕ ಯಾವ ಮಡಕೆಯ ವೇಷವನ್ನೂ ಹಾಕಿಲ್ಲ. ಬನಿಯನ್ ತೊಟ್ಟು ವರಾಂಡದಲ್ಲೇ ಪೇಪರ್ ಓದುತ್ತಿರುತ್ತಾನೆ.

ಈ ಜಾತಿಯವರನ್ನು ಗುರುತಿಸುವುದು ಅವರು ಗೆಲ್ಲುವುದರಿಂದಲ್ಲ, ತಯಾರಿಯಿಂದ. ಮೊದಲ ಹಂತ ದೇಹಬಲ. ಕೊಂದದ್ದಕ್ಕೆಲ್ಲ ಆಟದಲ್ಲಿ ‘ರೂನ್’ ಎಂಬ ಸಂಭಾವನೆ ಸಿಗುತ್ತದೆ. ಅದನ್ನು ತೆತ್ತು ಆಯುಸ್ಸು, ಬಲ, ಚಳಕ ಏನು ಬೇಕಾದರೂ ಕೊಳ್ಳಬಹುದು. ಮೋಗ್‌ವಿನ್ ಅರಮನೆಯ ಹತ್ತಿರ ಕಂದಕದಾಚೆ ಒಂದು ದೈತ್ಯ ಹಕ್ಕಿ ನಿಂತಿರುತ್ತದೆ. ಈಚೆಯಿಂದ ಬಾಣ ಬಿಟ್ಟರೆ ಅದು ರೋಷದಿಂದ ಓಡಿಬಂದು, ನಡುವೆ ಕಂದಕ ಇರುವುದನ್ನು ಮರೆತು, ಬಿದ್ದು ಸಾಯುತ್ತದೆ. ಒಂದು ಬಾಣಕ್ಕೆ ಸುಮಾರು 11,000 ರೂನ್. ವಿಶ್ರಾಂತಿ ತೆಗೆದುಕೊಂಡು ಎದ್ದರೆ ಹಕ್ಕಿ ಮತ್ತೆ ಅಲ್ಲೇ ಹಾಜರ್. ಒಂದು ಭಾನುವಾರವಿಡೀ ರಣಧೀರ ಆ ಒಂದೇ ಹಕ್ಕಿಯನ್ನು ಕೊಂದ. ಸತ್ಯನಾರಾಯಣ ಪೂಜೆಯ ಪ್ರಸಾದ ಕೊಡಲು ಮೇಲೆ ಹೋಗಿದ್ದ ನಮ್ಮವಳು ಹತ್ತು ನಿಮಿಷ ನಿಂತು ನೋಡಿ, ‘ಅಯ್ಯೋ ಪಾಪ, ಎಷ್ಟು ಸಲ ಬಿದ್ರೂ ಬುದ್ಧಿ ಬರಲ್ವಲ್ಲ ಅದಕ್ಕೆ’ ಎಂದು ನೊಂದುಕೊಂಡಳು. ‘ಹಕ್ಕಿಗೊಂದಕ್ಕೇ ಅಲ್ಲ ಆಂಟಿ’ ಎಂದು ಅಡುಗೆಮನೆಯಿಂದ ಅವನ ಹೆಂಡತಿಯ ದನಿ ಬಂತು.

ಎರಡನೆಯದು ಔಷಧ. ಗಾಯ ಮಾಯಿಸುವ ಕೆಂಪು ಸೀಸೆ, ಮಂತ್ರಬಲಕ್ಕೆ ನೀಲಿ ಸೀಸೆ, ಎರಡೂ ಸೇರಿ ಹೆಚ್ಚೆಂದರೆ 14. ಅಷ್ಟನ್ನೂ ಪಡೆಯಲು ಆಟದ ಲೋಕದಲ್ಲೆಲ್ಲ ಅಲೆದು ಬಂಗಾರದ ಬೀಜ ಆರಿಸಿ ತಂದ. ತನ್ನ ಮನೆಯಲ್ಲಿ ಕುಡಿಯುವ ನೀರಿನ ಕ್ಯಾನ್ ಖಾಲಿಯಾದದ್ದು ಇವನಿಗೆ ತಿಳಿಯುವುದು ಗಂಟಲು ಒಣಗಿದ ಮೇಲೆ.

ಮೂರನೆಯದು ತೂಕ. ಮೈಮೇಲಿನ ಕವಚ, ಕತ್ತಿ, ಗುರಾಣಿಗಳ ಭಾರ ಮಿತಿಯ ಶೇ. 70 ದಾಟಿದರೆ ಉರುಳುವುದು ನಿಧಾನವಾಗಿ ತಪ್ಪಿಸಿಕೊಳ್ಳುವುದು ಕಷ್ಟ. ಹಾಗಾಗಿ ಒಂದು ಸಂಜೆಯೆಲ್ಲ ಕೈಗವಸು ಕಳಚಿ ತೂಕ ನೋಡುವುದು, ಹಾಕಿ ನೋಡುವುದು ನಡೆಯಿತು. ‘ಭಾರ ಜಾಸ್ತಿಯಾದ್ರೆ ಸರಿಯಾಗಿ ರೋಲ್ ಆಗಲ್ಲ ಅಂಕಲ್, ದೊಪ್ಪಂತ ಬೀಳ್ತೀವಿ’ ಎಂದು ನನಗೆ ವಿವರಿಸಿದ. ‘ಡಾಕ್ಟರೂ ಅದನ್ನೇ ಅಲ್ವೇನ್ರೀ ಹೇಳಿದ್ದು?’ ಎಂದಳು ಅವನ ಹೆಂಡತಿ.

ಇನ್ನು ಎಕ್ಸೆಲ್ ಹಾಳೆ. ಫೈಲಿನ ಹೆಸರು ‘ಮಲೇನಿಯಾ ಫೈನಲ್’. ಅದರ ಪಕ್ಕದಲ್ಲೇ ‘ಮಲೇನಿಯಾ ಫೈನಲ್ ಇದೇ’ ಎಂಬ ಇನ್ನೊಂದು. ಆಕೆಯ ಹೊಡೆತ ಒಂದು ಕಾಲಮ್, ಹೊಡೆಯುವ ಮುನ್ನಿನ ಸೂಚನೆ ಇನ್ನೊಂದು, ಪರಿಹಾರ ಮತ್ತೊಂದು, ‘ಸತ್ತ ಕಾರಣ’ ಕೊನೆಯದು. ಆಫೀಸಿನಲ್ಲಿ ವರ್ಷಕ್ಕೊಮ್ಮೆ ತನ್ನ ಸಾಧನೆಗಳನ್ನು ಬರೆದುಕೊಡುವ ಫಾರಮ್ಮಿಗೆ ಇವನು ಹೋದ ವರ್ಷದ್ದನ್ನೇ ಕಾಪಿ ಮಾಡಿ ಅಂಟಿಸುತ್ತಾನೆಂದು ಹೆಂಡತಿ ಹೇಳಿದ್ದುಂಟು.

ಮಲೇನಿಯಾಳ ಗುಣವಿಶೇಷವೆಂದರೆ ಆಕೆ ಹೊಡೆದಷ್ಟೂ ಚೇತರಿಸಿಕೊಳ್ಳುತ್ತಾಳೆ. ನಾವು ಗುರಾಣಿ ಹಿಡಿದು ತಡೆದರೂ ಆಕೆಯ ಆಯುಸ್ಸು ಏರುತ್ತದೆ. ಅದಕ್ಕಿಂತ ಘೋರವಾದದ್ದು ‘ವಾಟರ್‌ಫೌಲ್ ಡಾನ್ಸ್’. ಛಂಗನೆ ಮೇಲೆ ನೆಗೆದು, ಗಾಳಿಯಲ್ಲಿ ಒಂದು ಕ್ಷಣ ನಿಂತು, ಆಮೇಲೆ ಕತ್ತಿಯ ಸುರಿಮಳೆ. ಒಂದು ಸುತ್ತು ಮುಗಿಯಿತೆನ್ನುವಾಗ ಇನ್ನೊಂದು. ಹತ್ತಿರ ಇದ್ದವನ ಕಥೆ ಅಲ್ಲಿಗೆ ಮುಗಿಯಿತು. ಈ ಕುಣಿತದ ಯೂಟ್ಯೂಬ್ ವಿಡಿಯೊವನ್ನು ರಣಧೀರ ನಾಲ್ಕನೇ ಒಂದು ವೇಗದಲ್ಲಿಟ್ಟು ನೋಡಿದ. ಟೆರೇಸಿನಲ್ಲಿ ಮಾಪಿನ ಕೋಲು ಹಿಡಿದು ನನಗೂ ತೋರಿಸಿಕೊಟ್ಟ. ‘ಅವಳು ಹೀಗೆ ಮೇಲೆದ್ದಳೋ, ಓಡಬೇಕು. ಇಲ್ಲಾಂದ್ರೆ ಹಿಮದ ಕುಡಿಕೆ ಎಸೀಬೇಕು, ಸಮಯಕ್ಕೆ ಸರಿಯಾಗಿ ಬಿದ್ರೆ ಕುಣಿತ ಅಲ್ಲೇ ನಿಲ್ಲುತ್ತೆ. ಅವಳು ಸುಸ್ತಾದಾಗ ಎರಡೇ ಏಟು ಹೊಡೆದು ಹಿಂದೆ ಸರೀಬೇಕು. ಮೂರನೇ ಏಟಿಗೆ ಆಸೆ ಬಿದ್ರೆ ಸತ್ತಂಗೆ. ಇಡೀ ಆಟ ಇಷ್ಟೇ ಅಂಕಲ್. ಆಸೆ ಬೀಳಬಾರದು.’

ಒಂದು ವಿಷಯಕ್ಕೆ ಮಾತ್ರ ಅವನನ್ನು ಮೆಚ್ಚಬೇಕು. ಎಷ್ಟು ಸತ್ತರೂ ಆಕೆಯನ್ನು ಬೈದದ್ದಿಲ್ಲ. ಕ್ರಿಕೆಟ್ಟಿನಲ್ಲಿ ನಮ್ಮವರು ಸೋತರೆ ಪಿಚ್ಚಿನ ತಪ್ಪು, ಉಪ್ಪಿಟ್ಟು ಗಂಟಾದರೆ ರವೆಯ ತಪ್ಪು, ಕಾರು ಉಜ್ಜಿದರೆ ನಮ್ಮ ಗೇಟಿನ ತಪ್ಪು ಎನ್ನುವ ಇದೇ ಬಾಯಿ, ಮಲೇನಿಯಾಳ ಕತ್ತಿಗೆ ಸಿಕ್ಕಾಗ ಮಾತ್ರ ‘ಅವಳದ್ದೇನೂ ತಪ್ಪಿಲ್ಲ, ನಾನೇ ಅವಸರಪಟ್ಟು ಉರುಳಿದೆ’ ಎನ್ನುತ್ತದೆ. ಈ ನ್ಯಾಯಬುದ್ಧಿ ಹಗಲು ಎಲ್ಲಿ ಹೋಗಿರುತ್ತದೆ ಎಂದು ಕೇಳಿಯೇ ಬಿಟ್ಟೆ. ‘ಅವಳು ಹೇಳಿ ಹೊಡೀತಾಳೆ ಅಂಕಲ್. ನಮ್ಮ ಮ್ಯಾನೇಜರ್ ನಗ್ತಾನೇ ಇರ್ತಾರೆ, ಅಷ್ಟೊತ್ತಿಗೆ ಹೊಡೆದು ಮುಗಿಸಿರ್ತಾರೆ’ ಎಂದ.

ಇಷ್ಟಾದರೂ ಗೆದ್ದರೆ ಸಾಲದು. ಗೆಲುವಿಗೂ ಮಡಿ-ಮೈಲಿಗೆ ಉಂಟು. ಬೂದಿಯಿಂದ ಬೇತಾಳಗಳನ್ನು ಸಹಾಯಕ್ಕೆ ಕರೆದು ಗೆದ್ದವರು ಪಂಕ್ತಿಯ ಕೊನೆಗೆ. ದೂರದಿಂದ ಮಂತ್ರ ಬಿಟ್ಟು ಗೆದ್ದವರನ್ನು ಒಳಗೆ ಕರೆಯಬಹುದು, ದೇವರಮನೆಗೆ ಬಿಡುವಂತಿಲ್ಲ. ರಕ್ತ ಸೋರಿಸುವ ಕಟಾನಾ ಹಿಡಿದವರ ಬಗ್ಗೆ ಭಿನ್ನಾಭಿಪ್ರಾಯವಿದೆ. ಒಬ್ಬನೇ, ಎದುರಿಗೆ ನಿಂತು, ಬರೀ ಕತ್ತಿಯಲ್ಲಿ ಗೆದ್ದವನಿಗೆ ಅಗ್ರಪೀಠ. ಇವರೆಲ್ಲರ ಮೇಲೆ ಒಬ್ಬ ಪರಮಹಂಸನಿದ್ದಾನೆ. ‘ಲೆಟ್ ಮಿ ಸೋಲೋ ಹರ್’ ಎಂದು ಆಟದಲ್ಲಿ ಅವನ ಹೆಸರು. ಅವಳನ್ನು ನನಗೊಬ್ಬನಿಗೇ ಬಿಡಿ ಎಂದರ್ಥ. ತಲೆಗೆ ಮಡಕೆ, ಸೊಂಟಕ್ಕೆ ತುಂಡು ಬಟ್ಟೆ, ಎರಡು ಕೈಯಲ್ಲಿ ಎರಡು ಕಟಾನಾ, ಅಷ್ಟೇ ಅವನ ಆಸ್ತಿ. ಸೋತು ಸುಣ್ಣವಾದವರು ಕರೆದರೆ ಇಂಟರ್ನೆಟ್ಟಿನಲ್ಲಿ ಬಂದು, ಅವರನ್ನು ಪಕ್ಕಕ್ಕೆ ನಿಲ್ಲಿಸಿ, ಮಲೇನಿಯಾಳನ್ನು ಒಬ್ಬನೇ ಮುಗಿಸಿ ಹೋಗುತ್ತಿದ್ದ. 2022ರಲ್ಲಿ ಆಟದ ಪ್ರಕಾಶಕರಾದ ಬಂದಾಯ್ ನಾಮ್ಕೊ ಕಂಪನಿ ಅವನಿಗೆ ನಿಜವಾದ ಖಡ್ಗವನ್ನೇ ಕಳಿಸಿ ಗೌರವಿಸಿತು. ಅವನ ಚಿತ್ರ ನೋಡಿದ ನಮ್ಮವಳು ‘ಪರವಾಗಿಲ್ಲ, ಒದ್ದೆಬಟ್ಟೆಯೊಂದು ಕಡಿಮೆ, ಬಾಕಿಯೆಲ್ಲ ಮಡಿಯೇ’ ಎಂದಳು.

ರಣಧೀರನದೂ ಏಕಾಂಗಿ ವ್ರತವೇ. ಆದರೆ ನಡುರಾತ್ರಿ ವ್ರತಗಳು ಸಡಿಲವಾಗುತ್ತವೆ. ‘ಮಿಮಿಕ್ ಟಿಯರ್’ ಎಂಬ ಬೂದಿಯಿದೆ. ಕರೆದರೆ ನಮ್ಮದೇ ರೂಪದ, ನಮ್ಮದೇ ಆಯುಧ ಹಿಡಿದ ಇನ್ನೊಬ್ಬ ಬಂದು ನಿಲ್ಲುತ್ತಾನೆ. ಹೊಸದರಲ್ಲಿ ಅವನ ಬಲ ಎಷ್ಟಿತ್ತೆಂದರೆ 2022ರ ಮಾರ್ಚ್‌ನ ಪ್ಯಾಚ್‌ನಲ್ಲಿ ಕಂಪನಿಯೇ ಅವನ ಹಲ್ಲು ಕಿತ್ತಿತು. ‘ಬರೀ ಪ್ರಾಕ್ಟೀಸಿಗೆ ಅಂಕಲ್’ ಎಂದು ಆಣೆಯಿಟ್ಟು ರಣಧೀರ ಅವನನ್ನು ಕರೆದ. ಮಲೇನಿಯಾ ಮೊದಲು ಆ ರಣಧೀರನನ್ನು ಕೊಂದಳು, ಆಮೇಲೆ ಈ ರಣಧೀರನನ್ನು. ವ್ರತಭಂಗಕ್ಕೆ ಪ್ರಾಯಶ್ಚಿತ್ತ ಅಲ್ಲೇ ಆಯಿತು.

ಅವನು ಮಲೇನಿಯಾಳನ್ನು ಅಭ್ಯಾಸ ಮಾಡುತ್ತಿದ್ದಷ್ಟು ದಿನವೂ ಹಿಂದಿನ ಸೋಫಾದಲ್ಲಿ ಕೂತು ಒಬ್ಬರು ಅವನನ್ನೇ ಅಭ್ಯಾಸ ಮಾಡುತ್ತಿದ್ದರೆಂಬುದು ನನಗೆ ತಿಳಿದದ್ದು ತಡವಾಗಿ. ಮೆಟ್ಟಿಲಿನಲ್ಲಿ ಹಾಲಿನ ಪ್ಯಾಕೆಟ್ ಹಿಡಿದು ನಿಂತಿದ್ದಾಗ ಅವನ ಹೆಂಡತಿಯೇ ವಿದ್ಯೆ ಬಿಟ್ಟುಕೊಟ್ಟಳು. ‘ಸಾಯೋಕೆ ಮುಂಚೆ ಅವರ ಎಡ ಭುಜ ಮೇಲೇಳುತ್ತೆ ಅಂಕಲ್. ಸತ್ತ ಮೇಲೆ ಮತ್ತೆ ಆಟ ಶುರುವಾಗೋಕೆ ಒಂದೆರಡು ಉಸಿರು ಹೊತ್ತು ಬೇಕು. ಆಗ ಏನು ಕೇಳಿದ್ರೂ “ಹ್ಞೂಂ” ಅಂತಾರೆ. ವಾಷಿಂಗ್ ಮೆಷಿನ್ ಬಂದಿದ್ದು ಹಾಗೇ. ನಮ್ಮಮ್ಮ ಬಂದು ತಿಂಗಳು ಇದ್ದಿದ್ದೂ ಹಾಗೇ.’ ಸ್ವಲ್ಪ ತಡೆದು ಹೇಳಿದಳು: ‘ಆದ್ರೆ ಒಂದು ಸಲಕ್ಕೆ ಒಂದೇ ಕೇಳಬೇಕು.’

ಗೆದ್ದದ್ದು ಒಂದು ಶನಿವಾರ ರಾತ್ರಿ. ನಾನೂ ಅಲ್ಲೇ ಇದ್ದೆ. ಬಾಡಿಗೆಯ ಹನ್ನೊಂದು ತಿಂಗಳು ಮುಗಿಯುತ್ತ ಬಂದಿತ್ತು. ಹೊಸ ಕರಾರಿನ ಕಾಗದ ಕಂಕುಳಲ್ಲಿತ್ತು. ಮೊದಲ ಸುತ್ತಿನಲ್ಲಿ ಆಕೆ ಬಿದ್ದಳು. ಬಿದ್ದವಳು ರೆಕ್ಕೆ ಮೂಡಿಸಿಕೊಂಡು, ಕೊಳೆರೋಗದ ದೇವತೆಯಾಗಿ ಎದ್ದು, ಕೆಂಪು ಹೂವೊಂದನ್ನು ಅರಳಿಸಿ ಅದರೊಳಗಿಂದ ಬಂದಳು. ಇವರು ಇದನ್ನು ‘ಫೇಸ್ ಟು’ ಎನ್ನುತ್ತಾರೆ. ರಣಧೀರನ ಸೀಸೆಗಳೆಲ್ಲ ಬರಿದು. ಆಕೆಯದೂ ನೂಲೆಳೆಯಷ್ಟು ಉಳಿದಿತ್ತು. ಆಗ ಆಕೆ ಮೇಲೆ ನೆಗೆದು ಗಾಳಿಯಲ್ಲಿ ನಿಂತಳು. ಅವನ ಎಡ ಭುಜ ಮೇಲೆದ್ದಿತು. ಹಿಂದೆ ಸೋಫಾದಲ್ಲಿ ಹೆಂಡತಿ ಏನೋ ಕೇಳಲು ಬಾಯಿ ತೆರೆದಳು. ಇಷ್ಟು ದಿನ ಹೊತ್ತು ತಿರುಗಿದ್ದ ಹಿಮದ ಕುಡಿಕೆಯನ್ನು ಅವನು ಎಸೆದ, ಕುಣಿತ ನಿಂತಿತು, ಒಂದು ಏಟು, ಎರಡು ಏಟು. ಸೋಲನ್ನೇ ಕಾಣದವಳು ಸೋತಳು. ಅವನು ಹಾಕಿದ ಕೂಗಿಗೆ ಎದುರು ಮನೆಯವರ ಲೈಟ್ ಹತ್ತಿತು, ಬೀದಿನಾಯಿಗಳು ಜಯಘೋಷದಲ್ಲಿ ಪಾಲ್ಗೊಂಡವು.

ಇದೇ ಸಮಯವೆಂದು ನಾನು ಕಾಗದ ಮುಂದೆ ಹಿಡಿದೆ. ‘ಐದು ಪರ್ಸೆಂಟ್ ಹೆಚ್ಚಿಸಿದೀನಪ್ಪ, ಇಲ್ಲೊಂದು ಸೈನ್.’

‘ಹ್ಞೂಂ’ ಎಂದ. ಕೈ ಇನ್ನೂ ನಡುಗುತ್ತಿತ್ತು; ಆದರೂ ಮಾಡಿದ.

ಇಷ್ಟು ಸಲೀಸಾಗಿ ನಡೆದದ್ದು ನನಗೆ ಹುಮ್ಮಸ್ಸು ಕೊಟ್ಟಿತು. ‘ಹಾಗೇ, ಮುಂದಿನ ತಿಂಗಳಿಂದ ನೀರಿನ ದುಡ್ಡು ಬೇರೆ’ ಎಂದೆ.

ಸೋಫಾದಿಂದ ಆಕೆ ಎದ್ದಳು. ಮುಖದಲ್ಲಿ ನಗು. ಮುನ್ಸೂಚನೆ ಏನೂ ಇಲ್ಲ. ‘ನೀರಿನ ವಿಷಯ ನೀವೇ ತೆಗೆದಿದ್ದು ಒಳ್ಳೇದಾಯ್ತು ಅಂಕಲ್. ಗೀಸರ್ ಕೆಟ್ಟು ಎಷ್ಟು ದಿನ ಆಯ್ತು! ಅಡುಗೆಮನೆ ನಲ್ಲಿ ಸೋರ್ತಿದೆ. ರೂಮಿನ ಗೋಡೆಯಲ್ಲಿ ತೇವ ಇಳೀತಿದೆ, ಪೇಂಟೂ ಹೋಗಿದೆ. ಸೊಳ್ಳೆ ಪರದೆ ಹಾಕಿಸಿಕೊಡ್ತೀನಿ ಅಂತ ಹೋದ ಸಲ ನೀವೇ ಹೇಳಿದ್ರಿ. ಎಲ್ಲಾ ಈ ಕರಾರಿನ ಹಿಂದೆ ಬರೆದುಬಿಡ್ತೀನಿ, ನೀವೂ ಒಂದು ಸೈನ್ ಹಾಕಿಬಿಡಿ.’ ಪೆನ್ನು ಆಕೆಯ ಕೈಯಲ್ಲಿ ಮೊದಲೇ ಇತ್ತು.

ನಾನು ಸಹಿ ಹಾಕುತ್ತಿದ್ದಾಗ ರಣಧೀರ ಪರದೆಯಿಂದ ಕಣ್ಣು ತೆಗೆಯದೆ, ಅನುಭವಸ್ಥನ ಅನುಕಂಪದಿಂದ ಹೇಳಿದ:

‘ಆಸೆ ಬಿದ್ರಿ ಅಂಕಲ್.’