ಪ್ರೊಸೆಸರಣ್ಣ

ರೂವಿಯಲ್ಲಿ ಹಳೆಯ ಲ್ಯಾಪ್‌ಟಾಪ್ ಕೊಳ್ಳುವುದಕ್ಕೆ ಕೈಯಲ್ಲಿ ರಿಯಾಲ್ ಇದ್ದರೆ ಸಾಲದು, ಪ್ರೊಸೆಸರಣ್ಣನ ಒಪ್ಪಿಗೆಯೂ ಬೇಕು. ಪಾಸ್‌ಪೋರ್ಟಿನಲ್ಲಿ ಅವರಿಗೆ ಬೇರೆ ಹೆಸರಿದೆ. ಇಮಿಗ್ರೇಷನ್ನಿನವರನ್ನು ಬಿಟ್ಟರೆ ಮಸ್ಕತ್ತಿನಲ್ಲಿ ಅದನ್ನು ಬಳಸಿದವರಿಲ್ಲ. ಹೊಟ್ಟೆಪಾಡಿಗೆ ಘಲಾದ ಟೈಲ್ಸ್ ಗೋದಾಮೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಕಂಪ್ಯೂಟರ್ ಓದಿದವರಲ್ಲ, ಓದಿದವರು ಇಷ್ಟು ಧೈರ್ಯವಾಗಿ ಮಾತಾಡುವುದೂ ಇಲ್ಲ.

ಗಲ್ಫಿನ ಕನ್ನಡ ಕೂಟಗಳಿಗೆ ಹೋಗಿಬಂದವರಿಗೆ ಈ ಪೈಕಿಯ ಒಬ್ಬರಾದರೂ ಗೊತ್ತಿರುತ್ತಾರೆ. ರಾಜ್ಯೋತ್ಸವದ ದಿನ ಸಭೆಯೆಲ್ಲ ಯಕ್ಷಗಾನ ನೋಡುತ್ತಿದ್ದರೆ ಇವರು ಸೌಂಡಿನವನ ಮೇಜಿನ ಬಳಿ ಬಗ್ಗಿ ಅವನ ಲ್ಯಾಪ್‌ಟಾಪಿನ ಸ್ಟಿಕ್ಕರ್ ಓದುತ್ತಿರುತ್ತಾರೆ. ಊಟಕ್ಕೆ ಕರೆದ ಮನೆಯಲ್ಲಿ ಎಲೆ ಹಾಕುವಷ್ಟರಲ್ಲಿ ಮಕ್ಕಳ ಲ್ಯಾಪ್‌ಟಾಪ್ ಬಿಡಿಸಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ನೋಡಿ "ಚ್ಚ್" ಎನ್ನುತ್ತಾರೆ. ಮುಂದೆ ಏನೂ ಹೇಳುವುದಿಲ್ಲ. ಆ ಮನೆಯ ಯಜಮಾನರಿಗೆ ಅವತ್ತು ಪಾಯಸ ರುಚಿಸುವುದಿಲ್ಲ.

ಈ ಸಲ ಅವರ ಕೈಗೆ ಸಿಕ್ಕವರು ವಾದಿ ಕಬೀರಿನ ನಮ್ಮ ಪಕ್ಕದ ಫ್ಲ್ಯಾಟಿನ ಪುತ್ತೂರಿನ ಗಂಡಹೆಂಡತಿ. ಊರಲ್ಲಿ ಅಕ್ಕನ ಮಗಳು ಬಿ.ಕಾಂ. ಸೇರಿದ್ದಳು, ಅವಳಿಗೊಂದು ಲ್ಯಾಪ್‌ಟಾಪ್ ಒಯ್ಯಬೇಕು. ಖರ್ಚು ಐವತ್ತು ರಿಯಾಲ್ ದಾಟಬಾರದು. ರಿಯಾಲನ್ನು ಇನ್ನೂರರ ಮೇಲೆ ಗುಣಿಸಿ ನೋಡದೆ ಕೊತ್ತಂಬರಿ ಸೊಪ್ಪನ್ನೂ ಕೊಳ್ಳದ ಸಂಸಾರ ಅದು. ಎರಡು ಲ್ಯಾಪ್‌ಟಾಪ್ ಕಣ್ಣಿಗೆ ಬಿದ್ದಿದ್ದವು. ಒಂದು, ರೂವಿಯ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿದ್ದ ಕೋರ್ ಐ3-5005ಯು. ಇನ್ನೊಂದು, ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೊರಟಿದ್ದ ಮನೆಯೊಂದರ ಸೆಲೆರಾನ್ ಎನ್4020. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿ ಆನ್‌ಲೈನ್ ಕ್ಲಾಸ್ ಶುರುವಾದ ಮೇಲೆ, ಸಿಕ್ಕಿದ್ದನ್ನು ಕೊಂಡರೆ ಸಾಕು ಎಂದು ತಂದದ್ದು.

ಯಾವುದು ವಾಸಿ ಎಂದು ಅವರು ಫೋನಿನಲ್ಲಿ ಒಂದು ಮಾತು ಕೇಳಿದರು. ಪ್ರೊಸೆಸರಣ್ಣ ಫೋನಿನಲ್ಲಿ ಉತ್ತರ ಕೊಡುವವರಲ್ಲ. "ಗುರುವಾರ ರಾತ್ರಿ ಬರ್ತೇನೆ" ಅಂದರು. ಶುಕ್ರವಾರ, ಶನಿವಾರ ರಜೆಯ ದೇಶದಲ್ಲಿ ಗುರುವಾರ ರಾತ್ರಿ ಎಂದರೆ ಬೇಗ ಏಳುವ ಅಂದಾಜಿಲ್ಲ ಎಂದರ್ಥ.

ಬಂದವರೇ ಹಳೆಯ ಕ್ಯಾಲೆಂಡರ್ ಹಾಳೆ ತಿರುವಿ ನಡುವೆ ಗೆರೆ ಎಳೆದರು. ಎಡಗಡೆ 2015ರ ಐ3, ಬಲಗಡೆ 2019ರ ಸೆಲೆರಾನ್. ಎರಡಕ್ಕೂ ಎರಡೆರಡೇ ಕೋರು, ಎರಡೂ 14 ನ್ಯಾನೋಮೀಟರಿನವು.

"ಹಾಗಾದರೆ ಎರಡೂ ಒಂದೇ ಅಲ್ವಾ ಅಣ್ಣ?" ಎಂದರು ಪುತ್ತೂರಿನವರು, ಊಟಕ್ಕೆ ಏಳುವ ಆಸೆಯಿಂದ.

"ಒಂದೇ ಹೇಗಾಗ್ತದೆ ಮಾರಾಯ! ಇದಕ್ಕೆ ನಾಲ್ಕು ಥ್ರೆಡ್ ಉಂಟು. ಅದಕ್ಕೆ ಎರಡೇ." ಥ್ರೆಡ್ ಎಂದರೆ ಎಂತದು ಎಂದು ಯಾರೂ ಕೇಳಿರಲಿಲ್ಲ. ಆದರೂ ಹೇಳಿದರು. "ಹೋಟೆಲಿನಲ್ಲಿ ಇಬ್ಬರು ಸಪ್ಲೈಯರ್ ಅಂತ ಇಟ್ಟುಕೊ. ಸೆಲೆರಾನಿನವರು ಒಂದು ಕೈಯಲ್ಲಿ ಮಾತ್ರ ಪ್ಲೇಟು ಹಿಡಿಯುವವರು. ಐ3ಯವರು ಎರಡೂ ಕೈಯಲ್ಲಿ ಹಿಡಿಯುವವರು. ಗಿರಾಕಿ ಒಬ್ಬನೇ ಇದ್ದರೆ ವ್ಯತ್ಯಾಸ ಗೊತ್ತಾಗೋದಿಲ್ಲ. ಮಧ್ಯಾಹ್ನದ ರಶ್ಶಿಗೆ ಗೊತ್ತಾಗೋದು."

"ಮತ್ತೆ ಈ 1.1, 2.8 ಅಂತ ಬರೆದದ್ದು?"

"ಗಿಗಾಹರ್ಟ್ಸ್. ಸೆಲೆರಾನಿನವನು ಸಾಧಾರಣಕ್ಕೆ 1.1ರಲ್ಲೇ ನಡೆಯುವುದು, ಧಣಿ ಕೌಂಟರಿಗೆ ಬಂದರೆ 2.8ಕ್ಕೆ ಓಡುವುದು. ಐ3ಯವನಿಗೆ ಆ ಓಟ ಇಲ್ಲ. ಧಣಿ ಬರಲಿ ಬಿಡಲಿ, 2.0."

ಒಳಗೆ ಚಪಾತಿ ಬೇಯಿಸುತ್ತಿದ್ದ ಹೆಂಡತಿ ಅಲ್ಲಿಂದಲೇ ಹೇಳಿದರು: "ಅಣ್ಣ, ಅಡುಗೆಯೇ ತಡ ಆದ್ರೆ ಸಪ್ಲೈಯರ್ ಎಷ್ಟು ಕೈಯಲ್ಲಿ ಹಿಡಿದರೆ ಎಂತ?"

ಪ್ರೊಸೆಸರಣ್ಣ ನಕ್ಕರು, ತಿಳಿಯದವರ ಮಾತಿಗೆ ನಗುವ ಹಾಗೆ. ನಿಜ ನೋಡಿದರೆ ಆ ರಾತ್ರಿ ಆ ಮನೆಯಲ್ಲಿ ಯಾರಾದರೂ ಲ್ಯಾಪ್‌ಟಾಪಿನ ವಿಷಯ ಮಾತಾಡಿದ್ದರೆ ಅದು ಆಕೆ ಒಬ್ಬರೇ. ಆ ಐ3ಯ ಹೊಟ್ಟೆಯಲ್ಲಿ ತಿರುಗುವ ಹಾರ್ಡ್‌ಡಿಸ್ಕ್ ಇತ್ತು. ವರ್ಡ್ ತೆರೆಯಲು ತಡವಾಗುವುದು ಬಹುಪಾಲು ಅದರಿಂದ, ಪ್ರೊಸೆಸರಿನಿಂದಲ್ಲ. ಸೆಲೆರಾನಿನಲ್ಲಿ ಬೋರ್ಡಿಗೇ ಬೆಸೆದ 64 ಜಿಬಿ ಸಂಗ್ರಹ, 4 ಜಿಬಿ ರ್‍ಯಾಮ್, ಬದಲಿಸುವ ಹಾಗಿಲ್ಲ.

ಆದರೆ ಹಾಳೆಯಲ್ಲಿ ಇನ್ನೂ ಜಾಗ ಇತ್ತು. ವಾಟ್‌ಗೆ ಬಂದರು. ಸೆಲೆರಾನಿಗೆ 6 ವಾಟ್ ಸಾಕು, ಇಂಥ ಮಾಡೆಲ್‌ಗಳಲ್ಲಿ ಎಷ್ಟೋ ಸಲ ಫ್ಯಾನೇ ಇರುವುದಿಲ್ಲ, ಮಸ್ಕತ್ತಿನ ಧೂಳು ಒಳಗೆ ಸೇರುವ ಚಿಂತೆಯಿಲ್ಲ. ಐ3ಗೆ 15 ವಾಟ್. ಲ್ಯಾಪ್‌ಟಾಪ್ ಹೋಗುವುದು ಪುತ್ತೂರಿನ ಮಳೆಗೆ, ಮಸ್ಕತ್ತಿನ ಧೂಳು ಅಲ್ಲಿಗೆ ಯಾಕೆ ಬರುತ್ತದೆ ಎಂದು ಕೇಳುವಷ್ಟು ಚೈತನ್ಯ ಯಾರಲ್ಲೂ ಉಳಿದಿರಲಿಲ್ಲ. ನಡುವೆ ಸೆಲೆರಾನಿಗೆ ಶ್ರದ್ಧಾಂಜಲಿಯೂ ಆಯಿತು. 1998ರಲ್ಲಿ ಹುಟ್ಟಿದ ಹೆಸರು, 2023ರಿಂದ ಹೊಸ ಲ್ಯಾಪ್‌ಟಾಪ್‌ಗಳಿಗೆ ಬೇಡವೆಂದು ಇಂಟೆಲ್‌ನವರು ಕೈಬಿಟ್ಟರು. "ಪಾಪ" ಎಂದರು, ಮನೆಯವರೊಬ್ಬರು ಹೋದ ದನಿಯಲ್ಲಿ.

ಅವರಿಗೆ ನಿಜವಾಗಿ ಸಿಟ್ಟು ಬಂದದ್ದು ವಿಂಡೋಸ್ 11ರ ಮಾತಿಗೆ. ಇಂಟೆಲ್ ಪ್ರೊಸೆಸರುಗಳಲ್ಲಿ ಎಂಟನೆಯ ಪೀಳಿಗೆಗಿಂತ ಹಳೆಯವು ಬಹುತೇಕ ಅದರ ಪಟ್ಟಿಯಲ್ಲಿಲ್ಲ. ಐ3-5005ಯು ಐದನೆಯದು, ಹೊರಗೆ. ಎನ್4020 ಒಳಗೆ. ವಿಂಡೋಸ್ 11 ಕೇಳುವ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಜಾಗ. ಆ ಸೆಲೆರಾನಿನಲ್ಲಿ ಇದ್ದದ್ದೂ ಸರಿಯಾಗಿ ಅಷ್ಟೇ. ವಿಂಡೋಸ್ 10ಕ್ಕೋ 2025ರ ಅಕ್ಟೋಬರ್ 14ಕ್ಕೇ ಉಚಿತ ಬೆಂಬಲ ನಿಂತಿದೆ.

"ನಾಲ್ಕು ಥ್ರೆಡ್ಡಿನವನನ್ನು ಹೊರಗೆ ನಿಲ್ಲಿಸಿ ಎರಡರವನನ್ನು ಒಳಗೆ ಕರೆದರು. ವಯಸ್ಸು ಒಂದೇ ನೋಡುವುದಾ? ಕೆಲಸ ನೋಡುವುದು ಬೇಡವಾ?" ಹಾಳೆಯ ಮೇಲೆ ಪೆನ್ನು ಕುಟ್ಟಿದರು. ಅವರ ರೆಸಿಡೆಂಟ್ ಕಾರ್ಡಿನ ನವೀಕರಣ ಈ ವರ್ಷವೇ ಇದೆ. ಕಂಪೆನಿಯವರು ಇನ್ನೂ ಏನೂ ಹೇಳಿಲ್ಲ.

ಚಪಾತಿ ಆರುತ್ತಿತ್ತು. ಪುತ್ತೂರಿನವರ ಹೆಂಡತಿ ಈಚೆ ಬಂದು ಇತ್ಯರ್ಥಕ್ಕೆ ಇಳಿದರು. "ಊರಿಗೆ ಹೋಗುವಾಗ ಒಬ್ಬರಿಗೆ ಒಂದು ಲ್ಯಾಪ್‌ಟಾಪಿಗೆ ಕಸ್ಟಮ್ಸ್ ಸುಂಕ ಇಲ್ಲ ಅಂತಾರೆ. ನಾವು ಇಬ್ಬರಿದ್ದೇವೆ. ಎರಡನ್ನೂ ತಗೊಳ್ಳೋಣ. ಐವತ್ತರ ಬದಲು ಎಂಬತ್ತಾಗ್ತದೆ. ಒಂದು ಇವರಕ್ಕನ ಮಗಳಿಗೆ, ಒಂದು ನನ್ನ ತಮ್ಮನಿಗೆ."

ಪ್ರೊಸೆಸರಣ್ಣನ ಮುಖ ಬಿಳಿಚಿತು. "ಎರಡನ್ನೂ ತಗೊಂಡರೆ ಕಂಪೇರ್ ಮಾಡುವುದು ಎಂತಕ್ಕೆ?"

ಅವರು ಸ್ವಂತಕ್ಕೆ ಲ್ಯಾಪ್‌ಟಾಪ್ ಕೊಂಡಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಗೋದಾಮಿನವರು ಗುಜರಿಗೆ ಹಾಕಹೊರಟಿದ್ದ ಡೆಸ್ಕ್‌ಟಾಪ್ ಒಂದು ಅವರ ರೂಮಿನಲ್ಲಿದೆ. ಹೊಸದು ಯಾಕಿಲ್ಲ ಎಂದರೆ, ಬರುವ ವರ್ಷ ಇದಕ್ಕಿಂತ ಒಳ್ಳೆಯದು ಬರುತ್ತದೆ. ಬರುವುದೂ ನಿಜ. ಅದಕ್ಕೇ ಇನ್ನೂ ಕೊಂಡಿಲ್ಲ.

ಮರುದಿನ ಪುತ್ತೂರಿನವರು ಅಕ್ಕನ ಮಗಳಿಗೇ ಫೋನ್ ಹಚ್ಚಿದರು. ಸ್ಪೀಕರಿನಲ್ಲಿ ಥ್ರೆಡ್ಡು, ವಾಟ್, ಪೀಳಿಗೆ ಎಲ್ಲವನ್ನೂ ಕೇಳಿಸಿಕೊಂಡು ಅವಳು ಹೇಳಿದಳು: "ಮಾಮ, ಯಾವುದಾದ್ರೂ ಆಗ್ತದೆ. ಹಾರ್ಡ್‌ಡಿಸ್ಕ್ ಇದ್ರೆ ತೆಗೆದು ಎಸ್‌ಎಸ್‌ಡಿ ಹಾಕಿಸಿ ತನ್ನಿ."

ಒಂದು ಕ್ಷಣ ಎಲ್ಲರೂ ಪ್ರೊಸೆಸರಣ್ಣನ ಕಡೆ ನೋಡಿದರು. "ಅದನ್ನೇ ನಾನು ಮೊದಲಿಂದ ಹೇಳಿದ್ದು" ಎಂದರು ಅವರು, ಎಳ್ಳಷ್ಟೂ ಅಳುಕದೆ. ಆಮೇಲೆ ಕ್ಯಾಲೆಂಡರಿನ ಇನ್ನೊಂದು ಹಾಳೆ ಹರಿದು ಗೆರೆ ಎಳೆದರು. ಎಸ್‌ಎಸ್‌ಡಿಯಲ್ಲೂ ಎರಡು ಕಂಪೆನಿ ಇದ್ದವು.

ಆ ಗೆರೆಯ ಎರಡೂ ಕಡೆ ತುಂಬುವಷ್ಟರಲ್ಲಿ ಸೆಲೆರಾನಿನ ಮನೆಯವರು ಅದನ್ನು ತಮ್ಮ ಸಾಮಾನಿನ ಜೊತೆಗೇ ಕಟ್ಟಿಕೊಂಡು ಹೋದರು. ಐ3ಗಾಗಿ ರೂವಿಗೆ ಹೋದದ್ದು ಮಧ್ಯಾಹ್ನ, ಅಂಗಡಿಗಳು ನಾಲ್ಕರವರೆಗೆ ಬಾಗಿಲು ಹಾಕುವ ಹೊತ್ತಿಗೆ. ಬಿಸಿಲಲ್ಲಿ ಕಾದು ಒಳಗೆ ಹೋದರೆ ಕಲ್ಲಿಕೋಟೆಯ ಅಂಗಡಿಯವನು ಕೈ ಆಡಿಸಿದ: ನಿನ್ನೆಯೇ ಹೋಯಿತು, ಕೊಂಡವನು ಬೆಲೆ ಬಿಟ್ಟು ಬೇರೆ ಏನೂ ಕೇಳಲಿಲ್ಲ.

ಪುತ್ತೂರಿನವರು ಖರ್ಜೂರ, ಟ್ಯಾಂಗ್, ನಿಡೋ, ಒಮಾನಿ ಹಲ್ವಾ ತುಂಬಿಕೊಂಡು ಮಂಗಳೂರಿನ ವಿಮಾನಕ್ಕೆ ಹೊರಟರು. ಬೋರ್ಡಿಂಗಿನ ಸಾಲಿನಲ್ಲಿ ನಿಂತಿದ್ದಾಗ ಪ್ರೊಸೆಸರಣ್ಣನ ಫೋನ್ ಬಂತು.

"ಬೇಜಾರು ಮಾಡಬೇಡ ಮಾರಾಯ. ಆ ಎರಡರಲ್ಲಿ ಯಾವುದು ತಗೊಂಡಿದ್ದರೂ ನಾನು ಬೇಡ ಅಂತಲೇ ಹೇಳ್ತಿದ್ದೆ."