ಮೂರನೇ ತೂತು

ಕಾರು ಮನೆಗೆ ಬಂದ ದಿನ ಆರತಿ ಎತ್ತಿ, ಚಕ್ರಗಳಡಿ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆದೆವು. ರಾತ್ರಿ ಹೊಟ್ಟೆ ತುಂಬಿಸೋಣವೆಂದು ಪೋರ್ಟಿಕೋದ ಪ್ಲಗ್ಗಿಗೆ ಚಾರ್ಜರ್ ಸಿಕ್ಕಿಸಿದರೆ ಕೆಂಪು ದೀಪ. ಇಷ್ಟು ಲಕ್ಷದ ಗಾಡಿ ಹಟ ಮಾಡುವ ಮಗುವಿನ ಹಾಗೆ ಬಾಯಿ ಬಿಗಿದು ಕೂತಿತು.

ಎಲೆಕ್ಟ್ರಿಷಿಯನ್ ಬಂದ. ಜೇಬಿನಿಂದ ಟೆಸ್ಟರ್ ತೆಗೆದ. "ಅರ್ಥಿಂಗ್ ಇಲ್ಲ ಸಾರ್."

"ಇಪ್ಪತ್ತು ವರ್ಷದಿಂದ ಗೀಜರ್, ವಾಷಿಂಗ್ ಮೆಷಿನ್ ಎಲ್ಲಾ ಓಡ್ತಿದೆಯಲ್ಲಯ್ಯಾ?"

"ಅವು ಕೇಳಲ್ಲ ಸಾರ್. ಇದು ಕೇಳುತ್ತೆ."

ಮೆಷಿನ್ ಮುಟ್ಟಿದರೆ ಜುಮ್ ಅನ್ನುತ್ತದೆ ಎಂದು ನನ್ನ ಹೆಂಡತಿ ಎಷ್ಟೋ ಸಲ ಹೇಳಿದ್ದಳು. ಚಪ್ಪಲಿ ಹಾಕಿಕೋ ಎಂದಿದ್ದೆ. ಈಗ ಬೋರ್ಡು ಬಿಚ್ಚಿದರೆ, ಹಸಿರು ವೈರು ಪ್ಲಗ್ಗಿನಿಂದ ಶಿಸ್ತಾಗಿ ಹೊರಟು ಮೀಟರಿನ ಹಿಂದೆ ಸುರುಳಿ ಸುತ್ತಿ ಮಲಗಿಬಿಟ್ಟಿದೆ. ನೆಲ ಅಂದರೇನೆಂದು ಅದು ಕಂಡೇ ಇಲ್ಲ.

"ನ್ಯೂಟ್ರಲ್‌ನಿಂದ ಒಂದು ಜಂಪರ್ ಕೊಟ್ಟುಬಿಡ್ತೀನಿ. ಕಾರಿಗೆ ಗೊತ್ತಾಗಲ್ಲ."

"ನ್ಯೂಟ್ರಲ್ ಎಲ್ಲಾದರೂ ಕಡಿದು ಹೋದರೆ?"

"ಬಾಡಿಗೆ ಕರೆಂಟ್ ಬರುತ್ತೆ, ಅಷ್ಟೇ."

ಯಾರ ಬಾಡಿಗೆ ಎಂದು ನಾನು ಕೇಳಲಿಲ್ಲ.

ಸರಿ, ಗುಂಡಿಯನ್ನೇ ತೋಡೋಣ. ಎಂಟಡಿ ಪೈಪು, ಇದ್ದಿಲು, ಉಪ್ಪು. ಆದರೆ ಎಲ್ಲಿ? 30x40 ಸೈಟು. ಮುಂದೆ ಗ್ರಾನೈಟ್, ಪಕ್ಕದಲ್ಲಿ ಟೈಲ್ಸ್, ಉಳಿದದ್ದು ಸಂಪು. ತುಳಸಿಗೂ ನರ್ಸರಿಯಿಂದ ಚೀಲದಲ್ಲಿ ತಂದ ಮಣ್ಣು. ಅರ್ಧ ಅಡಿ ಒತ್ತುವರಿಗೆ ಪಕ್ಕದವರ ಮೇಲೆ ಕೋರ್ಟು ಹತ್ತಿದ ಮನೆ ನಮ್ಮದು; ಕಾರು ಭೂಮಿ ಕೇಳಿದರೆ ಅಂಗೈಯಗಲ ಸಿಗಲಿಲ್ಲ. ಗೇಟಿನ ಬಳಿ ಎರಡು ಚಪ್ಪಡಿ ಕಿತ್ತೇ ಗುಂಡಿ ತೋಡಿಸಬೇಕಾಯಿತು.

ಅಷ್ಟಕ್ಕೂ ಮನೆಯಲ್ಲಿ ಕಾರು ಚಾರ್ಜ್ ಮಾಡುವುದು ಹೊಸ ಸವಾಲೇನಲ್ಲ. 2001ರಲ್ಲೇ ರೇವಾ ಎಂಬ ಪುಟಾಣಿ ಕಾರು ಇದೇ ಬೆಂಗಳೂರಿನಲ್ಲಿ ಹುಟ್ಟಿ, ಮನೆಯ 15 ಆಂಪ್ ಪ್ಲಗ್ಗಿಗೆ ಬಾಯಿ ಹಾಕಿತ್ತು. ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದ ರಾಜ್ಯವೂ ನಮ್ಮದೇ, 2017ರಲ್ಲಿ. ನೀತಿ ನಮ್ಮ ಗೋಡೆಯ ತನಕ ಬಂತು. ಗೋಡೆಯೊಳಗಿನ ವೈರಿಗೆ ಸುದ್ದಿ ಮುಟ್ಟಲಿಲ್ಲ.

ಆ ವೈರಿನ ಕತೆಯೇ ಬೇರೆ. ಗೀಜರ್ ಅರ್ಧ ಗಂಟೆ ಕುಡಿದು ಸುಮ್ಮನಾಗುತ್ತದೆ. ಕಾರು ಹಾಗಲ್ಲ, 14 ಆಂಪಿನಂತೆ ಒಂಬತ್ತು ಗಂಟೆ ಉಸಿರು ಬಿಡದೆ ಹೀರುತ್ತದೆ. ಮನೆಗೆ ಮಂಜೂರಾದ ಲೋಡು 3 ಕಿಲೋವ್ಯಾಟ್, ಕಾರೊಂದಕ್ಕೇ 3.3. ಅದರ ಮೇಲೆ ಬಿಲ್ಡರ್ ಮಹಾಶಯ ಪವರ್ ಪ್ಲಗ್ಗಿಗೂ ಲೈಟಿನ ಒಂದೂವರೆ ಎಂಎಂ ವೈರನ್ನೇ ಎಳೆದಿದ್ದ. ಪ್ಲಗ್ಗು ಕೈ ಸುಡುವಷ್ಟು ಕಾದು, ಮಧ್ಯರಾತ್ರಿ ಎಂಸಿಬಿ ಬೀಳತೊಡಗಿತು.

"ಈ ಎಂಸಿಬಿ ತುಂಬಾ ಸೆನ್ಸಿಟಿವ್ ಸಾರ್. 32ರದ್ದು ಹಾಕೋಣ."

ವೈರು ಹಳೆಯದೇ. ಕಳ್ಳ ಬಂದಾಗ ಬೊಗಳಿತೆಂದು ನಾಯಿಯನ್ನು ಓಡಿಸಿ ಮೂಗನಾಯಿ ತಂದು ಕಟ್ಟಿದ ಹಾಗೆ. ಎದುರು ಮನೆಯವರು ಇನ್ನೂ ಜಾಣರು: ಎರಡನೇ ಮಹಡಿಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಇಳಿಬಿಟ್ಟು, ಮಳೆಗೆ ಪ್ಲಾಸ್ಟಿಕ್ ಕವರ್ ಮುಚ್ಚಿ, ಮೇಲೊಂದು ಇಟ್ಟಿಗೆ ಇಟ್ಟಿದ್ದಾರೆ. ಒದ್ದೆ ಸೀರೆ ಪಕ್ಕದಲ್ಲೇ ಒಣಗುತ್ತದೆ.

ಕೊನೆಗೆ ನಾನು ನಾಲ್ಕು ಎಂಎಂ ವೈರು ಎಳೆಸಿದೆ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕಂತೆ. ಈಗ ಬೆಳಿಗ್ಗೆ ತುಳಸಿಗೊಂದು ಚೊಂಬು, ಗುಂಡಿಗೊಂದು ಚೊಂಬು. ಮೊನ್ನೆ ನೋಡಿದರೆ ಮುಚ್ಚಳಕ್ಕೆ ಅರಿಶಿನ ಕುಂಕುಮ. ಒಳಗಿನ ನಟ್ಟು ಬಿಗಿಯಾಗಿದೆಯೇ ಎಂದು ಇದುವರೆಗೆ ಯಾರೂ ನೋಡಿಲ್ಲ.