ಟರ್ಬೊ ಭಾವ

ಮದುವೆಮನೆಯಲ್ಲಿ ನಮ್ಮ ಭಾವ ಕಾಣಿಸುತ್ತಿಲ್ಲವೆಂದರೆ ಅಕ್ಕ ಗಾಬರಿಯಾಗುವುದಿಲ್ಲ. ಛತ್ರದ ಹಿಂದಿನ ಪಾರ್ಕಿಂಗಿಗೆ ಒಬ್ಬ ಹುಡುಗನನ್ನು ಕಳಿಸುತ್ತಾಳೆ. ಅಲ್ಲಿ ಬಾನೆಟ್ ಎತ್ತಿದ ಕಾರೊಂದು ನಿಂತಿರುತ್ತದೆ. ಬಾನೆಟ್ಟಿನ ಕೆಳಗಿಂದ ರೇಷ್ಮೆ ಪಂಚೆಯ ಹಿಂಭಾಗ ಮಾತ್ರ ಕಾಣುತ್ತಿರುತ್ತದೆ. ಅದೇ ಭಾವ. ಕಾರು ಅವರದ್ದೇ ಆಗಿರಬೇಕೆಂಬ ನಿಯಮವೇನೂ ಇಲ್ಲ.

ಭಾವ ಓದಿದ್ದು ಸಿವಿಲ್ ಎಂಜಿನಿಯರಿಂಗ್, ಮಾಡುತ್ತಿರುವುದು ಸಾಫ್ಟ್‌ವೇರ್ ಕೆಲಸ, ಮಾತಾಡುವುದು ಟರ್ಬೊ. ಕೆಲವು ವರ್ಷಗಳ ಹಿಂದೆ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಟರ್ಬೊ ಪೆಟ್ರೋಲ್ ಕಾರು ತಂದರು. ಯಾವ ಕಂಪನಿಯದೆಂದು ಹೇಳುವುದಿಲ್ಲ. ತಪ್ಪು ಕಂಪನಿಯದಲ್ಲ ಎನ್ನುವುದು ಮುಂದೆ ನಿಮಗೇ ಗೊತ್ತಾಗುತ್ತದೆ. ಅಂದಿನಿಂದ ಅವರ ಜೇಬಿನಲ್ಲಿ ಮೂರು ವಸ್ತು ಕಾಯಂ: ಒಂದು ಮೆತ್ತನೆಯ ಬಟ್ಟೆ, ಒಂದು ಪುಟ್ಟ ಟಾರ್ಚು, ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿ ಫೋನಿನಲ್ಲಿ ಎಂಜಿನ್ನಿನ ಜಾತಕ ನೋಡುವ ಒಂದು ಡಾಂಗಲ್ಲು. ಮನೆ ಬೀಗದ ಕೈ ಮರೆತು ಬಂದಾರು, ಡಾಂಗಲ್ ಮರೆಯುವವರಲ್ಲ.

ಕಾರಿಗೆ ಒಂದು ಕಾಯಿಲೆ. ಸುಮ್ಮನೆ ಓಡಿಸಿದರೆ ಏನೂ ಇಲ್ಲ. ತರಕಾರಿ ತರಬಹುದು, ಮಗಳನ್ನು ಟ್ಯೂಷನ್ನಿಗೆ ಬಿಡಬಹುದು. ನೆಲಮಂಗಲದ ಟೋಲ್ ದಾಟಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದರೆ ಮಾತ್ರ, ಆರ್‌ಪಿಎಂ ಮುಳ್ಳು 2500 ದಾಟಿ 3000ದ ಹತ್ತಿರ ಬರುವಾಗ, ಚೆನ್ನಾಗಿ ಎಳೆಯುತ್ತಿದ್ದ ಗಾಡಿ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ನೆನಪಾದವರ ಹಾಗೆ ಒಂದು ಕ್ಷಣ ತಡೆಯುತ್ತದೆ. ಒಳಗಿದ್ದವರೆಲ್ಲರ ತಲೆ ಒಮ್ಮೆ ಮುಂದಕ್ಕೆ ಹೋಗಿ ಬರುತ್ತದೆ. ಆಮೇಲೆ ಏನೂ ಆಗಿಲ್ಲವೆನ್ನುವಂತೆ ಮತ್ತೆ ಎಳೆಯುತ್ತದೆ.

"ಬಂತು, ಬಂತು! ಗೊತ್ತಾಯ್ತಾ?" ಎಂದು ಭಾವ ಕೂಗುತ್ತಾರೆ.

"ಏನಪ್ಪಾ ಬಂತು, ಹಾಸನವಾ?" ಎಂದು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ ದೊಡ್ಡತ್ತೆ ಕಣ್ಣುಜ್ಜಿಕೊಂಡು ಕೇಳುತ್ತಾರೆ.

ಭಾವನ ಮುಖದಲ್ಲಿ ಆಗ ಮೂಡುವುದು ಸಂಕಟವಲ್ಲ, ಸಂಭ್ರಮ. ನನ್ನ ಅನುಮಾನ ಶುರುವಾದದ್ದೇ ಅಲ್ಲಿಂದ. ಕಾರು ಕೆಟ್ಟವರ ಮುಖ ಹಾಗಿರುವುದಿಲ್ಲ. ದೊಡ್ಡತ್ತೆಗೆ ಗೊತ್ತಾಗಲಿಲ್ಲವೆಂದು ಭಾವ ವೇಗ ಇಳಿಸಿ, ಮತ್ತೆ ಮೂರನೇ ಗೇರಿಗೆ ಹಾಕಿ, ಇನ್ನೊಮ್ಮೆ ತುಳಿದು ತೋರಿಸುತ್ತಾರೆ. ಕುಣಿಗಲ್ ತಿರುವು ಬರುವ ಹೊತ್ತಿಗೆ ದೊಡ್ಡತ್ತೆಗೂ ಗೊತ್ತಾಗಿರುತ್ತದೆ, ಅವರ ಹೊಟ್ಟೆಗೂ ಗೊತ್ತಾಗಿರುತ್ತದೆ.

ಟರ್ಬೊ ಎಂದರೇನು ಎಂದು ಭಾವನನ್ನು ಯಾರೂ ಕೇಳುವುದಿಲ್ಲ. ಅವರೂ ಕೇಳಲೆಂದು ಕಾಯುವುದಿಲ್ಲ. ಒಮ್ಮೆ ಪಂಕ್ತಿಯಲ್ಲಿ ಬಡಿಸುವವನು ಹಪ್ಪಳ ಹಾಕಿ ಮುಂದೆ ಹೋದದ್ದೇ ತಡ, ಪಕ್ಕದವರ ಎಲೆಯಿಂದಲೂ ಒಂದು ಹಪ್ಪಳ ಎತ್ತಿಕೊಂಡರು. "ನೋಡಿ, ಇದು ಟರ್ಬೈನು. ಇದು ಕಂಪ್ರೆಸರು." ಸಾಂಬಾರಿನ ನುಗ್ಗೆಕಾಯಿ ತುಂಡು ನಡುವಿನ ಶಾಫ್ಟಾಯಿತು. ಎಂಜಿನ್ನು ಹೊರಗೆ ಬಿಡುವ ಬಿಸಿ ಹೊಗೆ ಮೊದಲನೇ ಹಪ್ಪಳವನ್ನು ತಿರುಗಿಸುತ್ತದೆ. ಅದರ ಜೊತೆ ತಿರುಗುವ ಎರಡನೇ ಹಪ್ಪಳ ಹೊರಗಿನ ಗಾಳಿಯನ್ನು ಎಳೆದು, ಒತ್ತಿ ಎಂಜಿನ್ನಿಗೆ ತುಂಬುತ್ತದೆ, ಆ ಒತ್ತಡವೇ ಬೂಸ್ಟ್. ಒತ್ತಿದ ಗಾಳಿ ಬಿಸಿಯಾಗುತ್ತದೆ, ಅದನ್ನು ತಣಿಸಲು ನಡುವೆ ಇಂಟರ್‌ಕೂಲರ್. ಗಾಳಿ ಜಾಸ್ತಿ ಸಿಕ್ಕಿತೆಂದರೆ ಪೆಟ್ರೋಲನ್ನೂ ಜಾಸ್ತಿ ಸುಡಬಹುದು, ಸಣ್ಣ ಎಂಜಿನ್ನಿನಿಂದ ದೊಡ್ಡ ಎಂಜಿನ್ನಿನ ಶಕ್ತಿ ತೆಗೆಯಬಹುದು. "ನಿಮಿಷಕ್ಕೆ ಎರಡು ಲಕ್ಷ ಸುತ್ತು ತಿರುಗುತ್ತೆ ಸ್ವಾಮಿ!" ಎಂದು ಆವೇಶದಲ್ಲಿ ಹೇಳುವಾಗ ಕಂಪ್ರೆಸರ್ ಮುರಿದು ಪಾಯಸಕ್ಕೆ ಬಿತ್ತು. ಪಕ್ಕದವರು ತಮ್ಮ ಟರ್ಬೈನನ್ನು ಮೆಲ್ಲಗೆ ವಾಪಸು ತೆಗೆದುಕೊಂಡು ತಿಂದರು.

ಭಾವ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ಅವರ ವಿಶೇಷ, ಅದೇ ತೊಂದರೆ ಕೂಡ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ತೆಳು, ಟರ್ಬೊ ಇಲ್ಲದ ಎಂಜಿನ್ನು ಇಲ್ಲಿ ಹತ್ತರಲ್ಲೊಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ ಎನ್ನುತ್ತಾರೆ. ಸರಿ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಹಾಕಿದ್ದ ಎನ್ನುತ್ತಾರೆ. ಅದೂ ಸರಿ. ಅಮೆರಿಕದಲ್ಲಿ 1962ರಲ್ಲಿ ಬಂದ ಓಲ್ಡ್ಸ್‌ಮೊಬಿಲ್ ಜೆಟ್‌ಫೈರ್ ಕಾರಿನ ಕತೆಯನ್ನಂತೂ ಮನೆಯ ಹಿರಿಯರ ಕತೆಯಷ್ಟೇ ಅಕ್ಕರೆಯಿಂದ ಹೇಳುತ್ತಾರೆ. ಎಂಜಿನ್ನಿನೊಳಗೆ ಬಡಿತ ಏಳದಿರಲೆಂದು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವೊಂದನ್ನು ಅದಕ್ಕೆ ಬೇರೆಯಾಗಿ ತುಂಬಿಸಬೇಕಿತ್ತು. ಬೂಸ್ಟ್ ಬಂದಾಗ ಅದು ಒಳಗೆ ಹೋಗುತ್ತಿತ್ತು. ಜನ ತುಂಬಿಸಲು ಮರೆತರು. ದ್ರವ ಖಾಲಿಯಾದಾಗ ಕಾರು ತಾನೇ ಬೂಸ್ಟ್ ಕಡಿಮೆ ಮಾಡಿಕೊಂಡಿತು. ಜನ ಕಾರನ್ನು ಬೈದರು. ಕೊನೆಗೆ ಕಂಪನಿಯೇ ಎಷ್ಟೋ ಕಾರುಗಳ ಟರ್ಬೊ ಬಿಚ್ಚಿ ಮಾಮೂಲಿ ಕಾರ್ಬ್ಯುರೇಟರ್ ಕೂರಿಸಿಕೊಟ್ಟಿತು. "ತಪ್ಪು ಯಾರದ್ದು ಹೇಳಿ? ಓನರ್‌ದು!" ಎಂದು ಭಾವ ಎಲೆಯ ಮೇಲೆ ಕೈ ಕುಟ್ಟುತ್ತಾರೆ. ಆ ಮಾತನ್ನು ಅವರ ಕಾರಿಗೆ ಅನ್ವಯಿಸಿ ನೋಡುವ ಧೈರ್ಯ ನಮ್ಮಲ್ಲಿ ಅಕ್ಕನಿಗೆ ಮಾತ್ರ ಇದೆ.

ಯಾಕೆಂದರೆ ಕಾರು ಮನೆಗೆ ಬಂದಾಗ ಈ ಕಾಯಿಲೆ ಇರಲಿಲ್ಲ. ಮೊದಲು ಭಾವ ಕಂಪನಿಯ ಏರ್ ಫಿಲ್ಟರ್ ತೆಗೆದು, ತೊಳೆದು ಎಣ್ಣೆ ಹಚ್ಚಿ ಮತ್ತೆ ಬಳಸುವ ಫಿಲ್ಟರ್ ಹಾಕಿಸಿದರು. ಎಣ್ಣೆ ಧಾರಾಳವಾಗಿ ಹಚ್ಚಿದರು, ತಲೆಗೆ ಹಚ್ಚುವಂತೆ. ಹೆಚ್ಚಾದದ್ದು ಒಳಗೆ ಹೋಗಿ, ಎಷ್ಟು ಗಾಳಿ ಬಂತೆಂದು ಅಳೆಯುವ ಸೆನ್ಸರಿಗೆ ಮೆತ್ತಿಕೊಂಡಿತು. ಆಮೇಲೆ ಗೇರ್ ಬದಲಿಸುವಾಗ 'ಪ್ಶ್ಶ್' ಎಂದು ಸದ್ದು ಮಾಡುವ ವಾಲ್ವ್ ಬಂತು. ಕಂಪನಿಯವರು ಆ ಗಾಳಿಯನ್ನು ಸದ್ದಿಲ್ಲದೆ ಪೈಪಿಗೇ ವಾಪಸು ಬಿಟ್ಟಿದ್ದರು. ಭಾವ ಅದನ್ನು ಹೊರಗೆ ಬಿಡಿಸಿದರು. ಸೆನ್ಸರ್ ಲೆಕ್ಕ ಹಾಕಿಯಾದ ಗಾಳಿ ಹೊರಗೆ ಹೋಯಿತು. ಇಲ್ಲದ ಗಾಳಿಗೂ ಎಂಜಿನ್ನು ಪೆಟ್ರೋಲ್ ಸುರಿಯಿತು. ಗೇರ್ ಬದಲಿಸಿದಾಗಲೆಲ್ಲ ಮುಗ್ಗರಿಸಿತು. ಆ ಸದ್ದಿಗಾಗಿ ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನ ಹುಡುಗರು ತಿರುಗಿ ನೋಡುತ್ತಾರೆಂಬುದು ಭಾವನ ನಂಬಿಕೆ. ಗ್ಯಾಸ್ ಸ್ಟೌ ಲೀಕಾಗುತ್ತಿದೆಯೆಂದು ಪಕ್ಕದ ಮನೆಯ ಆಂಟಿ ಓಡಿ ಬಂದದ್ದು ಮಾತ್ರ ನಿಜ. ಕೊನೆಗೆ ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್, ಅದರ ಹೆಸರು ಸ್ಟೇಜ್ ಒನ್. ಬೂಸ್ಟ್ ಏರಿತು. ಪ್ಲಗ್ಗು, ಪೈಪು, ಕ್ಲಿಪ್ಪು ಮಾತ್ರ ಹಳೆಯವೇ ಉಳಿದವು. ಜೊತೆಗೆ ಕಾಯಿಲೆಯೂ ಬಂತು.

ಇಲ್ಲಿಂದ ಭಾವನ ನಿಜವಾದ ಜೀವನ ಆರಂಭ. ರೋಗಕ್ಕೆ ಕಾರಣವನ್ನು ಅವರು ಯಾವಾಗಲೂ ದುಬಾರಿ ತುದಿಯಿಂದಲೇ ಹುಡುಕುತ್ತಾರೆ. ಟರ್ಬೊ ಹೋಗಿರಬೇಕು. ಅಲ್ಲದಿದ್ದರೆ ಹೈ ಪ್ರೆಷರ್ ಪಂಪು. ಅದೂ ಅಲ್ಲದಿದ್ದರೆ ಎಂಜಿನ್ ಇಳಿಸಿ ವಾಲ್ವಿನ ಕಾರ್ಬನ್ ತೆಗೆಸಬೇಕು. ಮಳೆಗಾಲ ಬಂದರೆ ತೇವ ಕಾರಣ, ಬೇಸಿಗೆ ಬಂದರೆ ಇಂಟರ್‌ಕೂಲರ್ ಬಿಸಿಯಾದದ್ದು ಕಾರಣ. ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಸಲು ಶುರುವಾದ ಮೇಲಂತೂ ಭಾವನಿಗೆ ದೊಡ್ಡ ಆಸರೆಯೇ ಸಿಕ್ಕಿತು. ಅಲ್ಲಿಂದ ಮುಂದೆ ಕಾರಿನ ಕಾಯಿಲೆಯೂ ಅದರಿಂದಲೇ, ಅವರ ಮಂಡಿ ನೋವೂ ಅದರಿಂದಲೇ. ನೂರು ಆಕ್ಟೇನಿನ ದುಬಾರಿ ಪೆಟ್ರೋಲ್ ಹಾಕಿಸಿಕೊಂಡು ಬಂದ ದಿನ, "ಪರವಾಗಿಲ್ಲ, ಜರ್ಕು ಸ್ವಲ್ಪ ಸ್ಮೂತಾಗಿದೆ" ಎಂದರು. ಸ್ಮೂತಾದ ಜರ್ಕು ಹೇಗಿರುತ್ತದೆಂದು ಕೇಳಲು ನಾನು ಹೋಗಲಿಲ್ಲ, ಟ್ರಯಲ್ಲಿಗೆ ಕರೆದುಕೊಂಡು ಹೋಗಿಬಿಡುತ್ತಾರೆ.

ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪಿನಲ್ಲಿ ಗ್ರಾಫ್ ಬಿಚ್ಚಿಕೊಂಡು ಕೂರುತ್ತಾರೆ. ಒಂದು ಗೆರೆ, ಕಂಪ್ಯೂಟರ್ ಕೇಳಿದ ಬೂಸ್ಟು. ಇನ್ನೊಂದು ಗೆರೆ, ನಿಜವಾಗಿ ಬಂದ ಬೂಸ್ಟು. 3000ದ ಹತ್ತಿರ ಎರಡೂ ದೂರವಾಗುತ್ತವೆ.

"ನೋಡೇ, ಕೇಳಿದ್ದೊಂದು, ಬಂದಿದ್ದೊಂದು."

"ನನ್ನ ತವರಿನವರಿಗೂ ಹಾಗೇ ಆಯ್ತು ಬಿಡಿ," ಎಂದು ಅಕ್ಕ ಪಾತ್ರೆ ಎತ್ತಿಕೊಂಡು ಒಳಗೆ ಹೋಗುತ್ತಾಳೆ.

ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಭಾವನಿಗೆ ಈಗ ಸಾಲವೂ ಸಿಗುತ್ತದೆ, ಕಾಫಿಯೂ ಸಿಗುತ್ತದೆ. ಮನೆಯ ಲಾಫ್ಟಿನಲ್ಲಿ ದಸರಾ ಗೊಂಬೆಯ ಪೆಟ್ಟಿಗೆ ಪಕ್ಕದಲ್ಲಿ ಬಿಚ್ಚಿಟ್ಟ ಸೆನ್ಸರುಗಳು, ಕಾಯಿಲುಗಳು, ವಾಲ್ವುಗಳು ಸೇರಿವೆ. ಎಲ್ಲವೂ ಚೆನ್ನಾಗಿಯೇ ಇದ್ದವು. ಗೊಂಬೆ ಇಳಿಸುವಾಗ ಅಕ್ಕ ಅದರಲ್ಲೊಂದನ್ನು ಪಟ್ಟದ ಗೊಂಬೆಯ ಪಕ್ಕ ಇಟ್ಟಳೆಂದೂ, ಬಂದ ಮುತ್ತೈದೆಯರು ಇದು ಯಾವ ಊರಿನದು ಎಂದು ವಿಚಾರಿಸಿದರೆಂದೂ ಸುದ್ದಿ.

ಕೊನೆಗೆ ಅಕ್ಕನೇ ಹಠ ಹಿಡಿದು ವಿಲ್ಸನ್ ಗಾರ್ಡನ್ ಕಡೆಯ ಒಬ್ಬ ಹಳೆಯ ಮೆಕ್ಯಾನಿಕ್ಕಿನ ಹತ್ತಿರ ಕಳಿಸಿದಳು, ಜೊತೆಗೆ ನನ್ನನ್ನೂ. ಎಲ್ಲರೂ ಅವರನ್ನು ಭಾಯ್ ಎನ್ನುತ್ತಾರೆ. ಭಾವ ಗ್ರಾಫಿನ ಪ್ರಿಂಟುಗಳನ್ನು ಫೈಲು ಮಾಡಿ ತಂದಿದ್ದರು. ಭಾಯ್ ಅದನ್ನು ಗೌರವದಿಂದ ಎರಡೂ ಕೈಯಲ್ಲಿ ತೆಗೆದುಕೊಂಡು, ಎತ್ತಿದ ಬಾನೆಟ್ಟಿನ ಪಕ್ಕದ ಸ್ಟೂಲಿನ ಮೇಲಿಟ್ಟು, ಅದರ ಮೇಲೆ ತಮ್ಮ ಟೀ ಲೋಟ ಇಟ್ಟರು.

"ನಿಂತಾಗ ಮಿಸ್ಸಿಂಗ್ ಇಲ್ಲ, ಎಳೆಯುವಾಗ ಮಾತ್ರ ಹೊಡೀತದೆ. ಅಲ್ವಾ ಸಾರ್?"

"ಅಷ್ಟು ಸಿಂಪಲ್ ಅಲ್ಲ ಭಾಯ್, ಅದರಲ್ಲಿ ಏನಾಗುತ್ತೆ ಅಂದ್ರೆ..."

ಭಾಯ್ ಕೇಳಿಸಿಕೊಳ್ಳುತ್ತಲೇ ಕೈ ಒಳಗೆ ಹಾಕಿದರು. ಇಂಟರ್‌ಕೂಲರಿನಿಂದ ಬರುವ ದಪ್ಪ ರಬ್ಬರ್ ಹೋಸಿನ ಮೇಲ್ಭಾಗ ನೋಡಲಿಲ್ಲ, ಕಣ್ಣಿಗೆ ಕಾಣದ ಅಡಿಭಾಗವನ್ನು ಬೆರಳಿನಿಂದ ಸವರಿದರು. ಬೆರಳು ಹೊರಗೆ ಬಂದಾಗ ತುದಿಯಲ್ಲಿ ಕಪ್ಪು ಎಣ್ಣೆಯ ಜಿಡ್ಡಿತ್ತು. ಟರ್ಬೊ ದಾಟಿ ಬರುವ ಗಾಳಿಯಲ್ಲಿ ಒಂದಿಷ್ಟು ಎಣ್ಣೆಯ ಪಸೆ ಯಾವಾಗಲೂ ಇರುತ್ತದೆ. ಗಾಳಿ ಎಲ್ಲಿ ತಪ್ಪಿಸಿಕೊಳ್ಳುತ್ತದೋ ಅಲ್ಲಿ ಅದು ಗುರುತು ಬಿಡುತ್ತದೆ. ಹುಡುಗ ಹೊಗೆ ಬಿಡುವ ಮಿಷನ್ ತಂದು ಪೈಪಿಗೆ ಜೋಡಿಸಿದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಹೋಸಿನ ಹೊಟ್ಟೆಯ ಕೆಳಗೆ, ಹೆಬ್ಬೆರಳ ಉಗುರಿನಷ್ಟು ಉದ್ದದ ಸೀಳಿನಿಂದ ಹೊಗೆ ಸಣ್ಣಗೆ ಬಂತು. ಗಾಡಿ ನಿಂತಿದ್ದಾಗ ಒಳಗೆ ಒತ್ತಡವಿಲ್ಲ, ಸೀಳು ತುಟಿ ಮುಚ್ಚಿಕೊಂಡಿರುತ್ತದೆ. ಬೂಸ್ಟ್ ತುಂಬಿದಾಗ ಹೋಸು ಉಬ್ಬುತ್ತದೆ, ಸೀಳು ಬಾಯಿ ಬಿಡುತ್ತದೆ. ಭಾವ ವರ್ಷಗಟ್ಟಲೆ ನಿಂತ ಗಾಡಿಯ ಬಾನೆಟ್ಟಿನೊಳಗೆ ಟಾರ್ಚು ಬಿಟ್ಟು ನೋಡಿದ್ದರಲ್ಲಾ, ಕಾಣುವುದಾದರೂ ಹೇಗೆ?

ಇನ್ನೊಂದು ಕಾರಣವೂ ಸಿಕ್ಕಿತು. ಭಾಯ್ ಪ್ಲಗ್ ಬಿಚ್ಚಿ ತುದಿಗೆ ಫೀಲರ್ ಗೇಜ್ ತೂರಿಸಿದರು. ಸವೆದು ಸವೆದು ಗ್ಯಾಪು ಅಗಲವಾಗಿತ್ತು. ಸಿಲಿಂಡರಿನೊಳಗೆ ಗಾಳಿ ಒತ್ತೊತ್ತಾಗಿ ತುಂಬಿದಷ್ಟೂ ಕಿಡಿ ಹಾರುವುದು ಕಷ್ಟ, ಕಾಯಿಲಿಗೆ ಕೆಲಸ ಜಾಸ್ತಿ. ಮೆಲ್ಲಗೆ ಹೋಗುವಾಗ ಹಾರುವ ಕಿಡಿ ಬೂಸ್ಟಿನಲ್ಲಿ ಹಾರದೆ ಹೋಗುತ್ತದೆ. ಸ್ಟೇಜ್ ಒನ್ ಮಾಡಿದವರು ಹೊಸ ಪ್ಲಗ್ ಹಾಕಿ, ಗ್ಯಾಪನ್ನು ಸ್ವಲ್ಪ ಕಿರಿದು ಮಾಡುವುದು ರೂಢಿ. ಭಾವ ಅದಕ್ಕೆ ಖರ್ಚು ಮಾಡಿರಲಿಲ್ಲ. ಆ ದುಡ್ಡಿಗೆ ಬಾಗಿಲ ಮೇಲೆ ಕೆಂಪು ಸ್ಟಿಕ್ಕರ್ ಬಂದಿತ್ತು.

ಹೋಸು, ಎರಡು ಕ್ಲಿಪ್ಪು, ಒಂದು ಸೆಟ್ ಪ್ಲಗ್ಗು. ಸದ್ದು ಮಾಡುವ ವಾಲ್ವನ್ನೂ ಭಾಯ್ ಬಿಚ್ಚಿ ಕಂಪನಿಯದನ್ನೇ ಕೂರಿಸಿದರು. ಟ್ರಯಲ್ಲಿಗೆ ಹೋದೆವು. ಮೂರನೇ ಗೇರು, ಪೂರ್ತಿ ಆಕ್ಸಿಲರೇಟರು, 2500, 3000, 4000. ಎಲ್ಲೂ ತಡೆಯಲಿಲ್ಲ. ಭಾವ ಮಾತಾಡಲಿಲ್ಲ. ವಾಪಸು ಬರುವಾಗ ಒಂದು ಕಡೆ ನಿಲ್ಲಿಸಿ, "ಪೈಪೇನಾ?" ಎಂದು ಕೇಳಿದರು. ಟರ್ಬೊ ಹೋಗಿದ್ದರೆ ಅವರು ಇಷ್ಟು ಕುಗ್ಗುತ್ತಿರಲಿಲ್ಲ. ಲಕ್ಷ ರೂಪಾಯಿಯ ಕಾಯಿಲೆಗೆ ಒಂದು ಘನತೆ ಇರುತ್ತದೆ, ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ರಬ್ಬರಿನ ಸೀಳನ್ನು ಯಾರ ಮುಂದೆ ಹೇಳುವುದು?

ಕಾರು ಸರಿಹೋದ ಮೇಲೆ ಭಾವನ ಕಣ್ಣು ಬಂಧುಬಳಗದ ಮೇಲೆ ಬಿದ್ದಿದೆ. ಚಿಕ್ಕಪ್ಪನ ಹಳೆಯ ಮಾರುತಿಯನ್ನು ಒಂದು ರೌಂಡ್ ಓಡಿಸಿ ಬಂದು, "ಟರ್ಬೊ ಲ್ಯಾಗ್ ಇದೆ" ಎಂದು ತೀರ್ಪು ಕೊಟ್ಟರು. ಆ ಕಾರಿನಲ್ಲಿ ಟರ್ಬೊ ಇಲ್ಲ. ಹಾಗೆಂದು ಚಿಕ್ಕಪ್ಪ ಹೇಳಿದಾಗ, "ಅದಕ್ಕೇ ಮತ್ತೆ!" ಎಂದರು. ಈಗ ಸ್ಟೇಜ್ ಟೂ ಬಗ್ಗೆ ವಿಚಾರಿಸುತ್ತಿದ್ದಾರಂತೆ. ಅಕ್ಕ ಲಾಫ್ಟಿನಲ್ಲಿ ಜಾಗ ಮಾಡುತ್ತಿದ್ದಾಳೆ.

ನಿಮ್ಮ ಟರ್ಬೊ ಕಾರೂ ಎಳೆಯುವಾಗ ತಡೆದರೆ, ಮೊದಲು ಹೋಸಿನ ಅಡಿಭಾಗಕ್ಕೆ ಕೈ ಹಾಕಿ ನೋಡಿ, ಕ್ಲಿಪ್ಪು ಬಿಗಿ ಇದೆಯೇ ನೋಡಿ, ಪ್ಲಗ್ ಬಿಚ್ಚಿಸಿ ಗ್ಯಾಪ್ ಅಳೆಸಿ, ಆಮೇಲೆ ಕಾಯಿಲ್, ಸೆನ್ಸರ್, ಪಂಪು. ಟರ್ಬೊ ತಂಟೆಗೆ ಎಲ್ಲಕ್ಕಿಂತ ಕೊನೆಗೆ ಹೋಗಿ. ಇಷ್ಟನ್ನೂ ಮಾಡಿ ಮುಗಿಸುವ ತನಕ ದಯವಿಟ್ಟು ಯಾವ ಮದುವೆಗೂ ಆ ಕಾರಿನಲ್ಲಿ ಬರಬೇಡಿ.